ಹುಡುಗಿಯನ್ನು ಬೆಳ್ಳಗೆ ಮಾಡುವ ಮುನ್ನ ಓದಬೇಕಾದ ಕೈಪಿಡಿ

ಮದುವೆ ವಿಡಿಯೋ ಎಡಿಟ್ ಮಾಡುವ ಮಹನೀಯರೇ, ನಿಮ್ಮ ಸಾಫ್ಟ್‌ವೇರಿನ ಒಂದು ಮೂಲೆಯಲ್ಲಿ ಹೊಗೆ ಎದ್ದಂತೆ ಕಾಣುವ ಕಿಟಕಿಯೊಂದಿದೆ. ಅದೇ ವೇವ್‌ಫಾರ್ಮ್ ಮಾನಿಟರ್. ಹಿಂದೆ ಟಿವಿ ಕೇಂದ್ರಗಳಲ್ಲಿ ಇದು ಪ್ರತ್ಯೇಕ ಪೆಟ್ಟಿಗೆ, ಎದುರಿಗೊಬ್ಬ ಎಂಜಿನಿಯರ್. ಈಗ ಡಾವಿಂಚಿ ರಿಸಾಲ್ವ್ ಜೊತೆ ಪುಕ್ಕಟೆ ಬರುತ್ತದೆ. ಪುಕ್ಕಟೆ ಬಂದದ್ದಕ್ಕೇ ಇರಬೇಕು, ಯಾರೂ ತೆರೆದು ನೋಡುವುದಿಲ್ಲ.

ಬೇಕಾಗುವ ಸಾಮಾನು

ಧಾರೆಯ ಒಂದು ಶಾಟ್, ಕರ್ಟನ್ ಎಳೆದ ಕೋಣೆ, ಕುರ್ಚಿಯ ಹಿಂದೆ ನಿಲ್ಲಲು ಹುಡುಗಿಯ ಸೋದರಮಾವ. ಕೊನೆಯದನ್ನು ಹುಡುಕಬೇಕಿಲ್ಲ, ತಾನೇ ಬರುತ್ತದೆ.

ಓದುವ ಕ್ರಮ

ಚಿತ್ರದಲ್ಲಿ ಎಡಕ್ಕಿರುವುದು ಗ್ರಾಫಿನಲ್ಲೂ ಎಡಕ್ಕೆ, ಬಲಕ್ಕಿರುವುದು ಬಲಕ್ಕೆ. ಎತ್ತರ ಮಾತ್ರ ಬೇರೆ ಲೆಕ್ಕ, ಅದು ಬೆಳಕಿನ ಅಳತೆ. ತಳದ 0 ಕಡುಕಪ್ಪು, ತುದಿಯ 100 ಅಚ್ಚಬಿಳಿ. ನಿಮ್ಮ ಪರದೆಯಲ್ಲಿ 1023 ಎಂದಿದ್ದರೆ ಗಾಬರಿ ಬೇಡ, ಅದು 10 ಬಿಟ್ ಲೆಕ್ಕ. ಹಳಬರು ಈ ಅಳತೆಯನ್ನು ಐಆರ್‌ಇ ಎನ್ನುತ್ತಾರೆ. ಅದು ಇನ್‌ಸ್ಟಿಟ್ಯೂಟ್ ಆಫ್ ರೇಡಿಯೋ ಎಂಜಿನಿಯರ್ಸ್ ಎಂಬ ಅಮೆರಿಕದ ಸಂಘದ ಹೆಸರು. 1963ರಲ್ಲಿ ಸಂಘ ಇನ್ನೊಂದರ ಜೊತೆ ಸೇರಿ ಬೇರೆ ಹೆಸರಿನ ಹೊಸ ಸಂಘವಾಯಿತು, ಅಳತೆ ಉಳಿದುಕೊಂಡಿತು.

ಛತ್ರದ ಚಾವಣಿಯ ಟ್ಯೂಬ್‌ಲೈಟೂ ಅದರ ನೇರ ಕೆಳಗೆ ಕೂತ ಪುರೋಹಿತರ ಪಂಚೆಯೂ ಗ್ರಾಫಿನಲ್ಲಿ ಒಂದೇ ಕಡೆ ಬಂದು ಕೂರುತ್ತವೆ. ಯಾವುದು ಯಾವುದೆಂದು ಯಂತ್ರ ಹೇಳದು. ಅದಕ್ಕೆ ಶಾಸ್ತ್ರ ಗೊತ್ತಿಲ್ಲ, ನೆಂಟಸ್ತಿಕೆ ಗೊತ್ತಿಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ಗುಣವೇ ಇದು. ನಮ್ಮ ಕಣ್ಣು ಹಾಗಲ್ಲ. ಕಡು ಮರೂನ್ ಪರದೆಯ ಮುಂದೆ ಬೆಳಗುವ ಮುಖ ಮಲ್ಲಿಗೆ ಅಲಂಕಾರದ ಮುಂದೆ ಮಂಕಾಗಿ ಕಾಣುತ್ತದೆ. ಗ್ರಾಫಿನಲ್ಲಿ ನೋಡಿದರೆ ಎರಡೂ 50ರಲ್ಲೇ.

ಮುಖ್ಯ ವಿಧಿ

ಸೋದರಮಾವ ಬಾಗಿ, "ಏನಪ್ಪಾ, ಹುಡುಗಿ ಮುಖ ಇನ್ನೊಂಚೂರು ಬೆಳ್ಳಗೆ ಮಾಡಪ್ಪ" ಎನ್ನುತ್ತಾರೆ. "ಆಯ್ತು ಅಂಕಲ್" ಎನ್ನಿ. ವಾದ ಬೇಡ, ಗೇನ್ ಚಕ್ರ ತಿರುಗಿಸಿ. 50ರಲ್ಲಿದ್ದ ಮುಖ 70ಕ್ಕೆ ಏರುತ್ತದೆ. ಗೇನ್ ಎಂದರೆ ಗುಣಾಕಾರ. ಅದೇ ಏಟಿಗೆ 85ರಲ್ಲಿದ್ದ ವರನ ಶಲ್ಯ 119ಕ್ಕೆ ಹೋಗಬೇಕು. 100ರ ಮೇಲೆ ಜಾಗವಿಲ್ಲವಾದ್ದರಿಂದ ಅಲ್ಲೇ ತಲೆ ತಗ್ಗಿಸಿ ನಿಲ್ಲುತ್ತದೆ. ಈಗ ಗ್ರಾಫಿನ ತುದಿ ನೋಡಿ: ಏರಿಳಿತವೆಲ್ಲ ಮಾಯವಾಗಿ ಸ್ಕೇಲ್ ಇಟ್ಟು ಎಳೆದ ಗೆರೆ. ಶಲ್ಯದ ಮಡಿಕೆ, ಸೀರೆಯ ಜರಿಯ ಹೊಳಪು, ಮೊಗ್ಗಿನ ಜಡೆಯ ಒಂದೊಂದು ಮೊಗ್ಗೂ ಆ ಗೆರೆಯೊಳಗೆ ಹೋದವು. ಹಾಗೆಯೇ ಎಕ್ಸ್‌ಪೋರ್ಟ್ ಮಾಡಿದಿರೋ, ಆಮೇಲೆ ಎಷ್ಟು ಇಳಿಸಿದರೂ ಸಿಗುವುದು ಬೂದು ಬಣ್ಣವೇ ಹೊರತು ಮೊಗ್ಗಲ್ಲ. ಮಾವನವರಿಗೆ ಆ ಗೆರೆ ತೋರಿಸಿ, "ಅಂಕಲ್, ಜರಿ ಎಷ್ಟು ಕೊಟ್ಟು ತಂದದ್ದು?" ಎಂದು ಮೆಲ್ಲಗೆ ಕೇಳಿ. ಇದರಷ್ಟು ಕೆಲಸ ಮಾಡುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಮಾವ ಇನ್ನೂ ಬಗ್ಗದಿದ್ದರೆ ಪಕ್ಕದ ವೆಕ್ಟರ್‌ಸ್ಕೋಪ್ ತೆರೆಯಿರಿ. ಇದು ವೃತ್ತ: ಸುತ್ತಿನಲ್ಲಿ ಬಣ್ಣ, ನಡುವಿನಿಂದ ದೂರ ಹೋದಷ್ಟೂ ಬಣ್ಣದ ಗಾಢತೆ. ಕೆಂಪಿಗೂ ಹಳದಿಗೂ ನಡುವೆ ಓರೆಯಾಗಿ ಒಂದು ಗೆರೆಯಿದೆ. ಬಣ್ಣ ಸರಿಯಿದ್ದರೆ ಮನುಷ್ಯರ ಚರ್ಮ, ಕಪ್ಪೋ ಬಿಳುಪೋ, ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಮದುಮಗಳು, ಬೀಗರು, ಅಡುಗೆ ಭಟ್ಟರು, ಗ್ರೂಪ್ ಫೋಟೋದಲ್ಲಿ ನಿಂತ ಸ್ವತಃ ಮಾವ, ಎಲ್ಲರೂ ಒಂದೇ ಸಾಲು. ಮುಖ್ಯ ವ್ಯತ್ಯಾಸ ಬೆಳಕಿನಲ್ಲಿ. ಮುಖಕ್ಕೆ 70 ಇರಲೇಬೇಕು ಎಂಬ ಕಾನೂನೂ ಇಲ್ಲ. 45ರ ಮುಖ 45ರಲ್ಲೇ ಚೆಂದ, ಕಣ್ಣಿನ ಹೊಳಪು ಉಳಿದಿದ್ದರೆ ಸಾಕು.

ಆರ್‌ಜಿಬಿ ಪೆರೇಡ್

ಕೆಂಪು, ಹಸಿರು, ನೀಲಿ ಮೂರೂ ಇಲ್ಲಿ ಬೇರೆ ಬೇರೆ ನಿಲ್ಲುತ್ತವೆ. ಬಿಳಿ ವಸ್ತುವಿದ್ದ ಜಾಗದಲ್ಲಿ ಮೂರೂ ಒಂದೇ ಎತ್ತರಕ್ಕಿರಬೇಕು, ನೀಲಿ ಕುಗ್ಗಿದ್ದರೆ ಚಿತ್ರ ಹಳದಿಗಟ್ಟಿದೆ ಎಂದರ್ಥ. ವಿಶೇಷ ಎಚ್ಚರಿಕೆ: ಧಾರೆ ಪಂಚೆಯನ್ನು ಅರಿಶಿನ ನೀರಲ್ಲಿ ಅದ್ದಿರುತ್ತಾರೆ. ಅದನ್ನೇ ಬಿಳಿ ಎಂದು ಹಿಡಿದು ಮೂರನ್ನೂ ಸಮ ಮಾಡಿದರೆ ಪಂಚೆಯೇನೋ ಲಾಂಡ್ರಿಗೆ ಹೋಗಿ ಬಂದಂತಾಗುತ್ತದೆ, ಮಿಕ್ಕ ಛತ್ರವೆಲ್ಲ ನೀಲಿ.

ರಿಸೆಪ್ಷನ್ನಿನ ನೀಲಿ ಎಲ್‌ಇಡಿ ದೀಪಕ್ಕೂ ಪೆರೇಡೇ ಬೇಕು. ಎಚ್‌ಡಿ ವಿಡಿಯೋದ ಬೆಳಕಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು ಶೇ. 21, ನೀಲಿಗೆ ಸಿಗುವುದು ಬರೀ ಶೇ. 7. ಹೀಗಾಗಿ ನೀಲಿ ಒಳಗೊಳಗೇ ತುದಿ ಮುಟ್ಟಿ ಕತ್ತರಿಸಿಹೋಗಿದ್ದರೂ ಬರೀ ಬೆಳಕು ತೋರಿಸುವ ವೇವ್‌ಫಾರ್ಮ್ ಎಲ್ಲ ಕ್ಷೇಮ ಎನ್ನುತ್ತಿರುತ್ತದೆ.

ತೊಂದರೆ ಮತ್ತು ಪರಿಹಾರ

ಗ್ರಾಫ್ ತಳದಲ್ಲೇ ಮಲಗಿದೆ: ಛತ್ರದಲ್ಲಿ ಕರೆಂಟ್ ಹೋದ ಗಳಿಗೆಯ ಶಾಟ್ ಇರಬಹುದು. ಎತ್ತಲು ಹೋಗಬೇಡಿ, ಕಾಳುಕಾಳು ಬರುತ್ತದೆ.

ಇಲ್ಲಿ ಎಲ್ಲ ಸರಿ, ಅವರ ಮನೆಯ ಟಿವಿಯಲ್ಲಿ ಹುಡುಗಿ ಕಿತ್ತಳೆ ಬಣ್ಣ: ಟಿವಿ ವಿವಿಡ್ ಮೋಡ್‌ನಲ್ಲಿದೆ. ಸ್ಕೋಪಿನ ಅಧಿಕಾರ ಪೆನ್‌ಡ್ರೈವ್ ಕೊಟ್ಟಲ್ಲಿಗೆ ಮುಗಿಯಿತು. ಸಿನಿಮಾ ಮೋಡ್‌ಗೆ ಹಾಕಲು ಫೋನಿನಲ್ಲೇ ಹೇಳಿಕೊಡಿ. ರಿಮೋಟ್ ಅಜ್ಜಿಯ ಕೈಯಲ್ಲಿದ್ದರೆ ಧಾರಾವಾಹಿ ಮುಗಿದ ಮೇಲೆ ಮತ್ತೆ ಫೋನ್ ಮಾಡಿ.