ರೇಗನ್ ಪಟದ ಕೆಳಗೆ

ಅಯೋವಾದ ಸೋಯಾ ರೈತನ ಅಡುಗೆಮನೆ. ಗೋಡೆಯ ಮೇಲೆ ಅಮೆರಿಕದ ಮಾಜಿ ಅಧ್ಯಕ್ಷ ರೇಗನ್ ಪಟ. ಅಪ್ಪ ಕನ್ನಡಕ ಮೂಗಿನ ತುದಿಗಿಳಿಸಿ ಅರ್ಜಿ ತುಂಬುತ್ತಿದ್ದಾರೆ.

ಅಪ್ಪ: 'ಸಹಾಯ ಮಾಡೋಕೆ ಬಂದಿದ್ದೀನಿ' ಅನ್ನೋ ಸರ್ಕಾರದಷ್ಟು ಭಯಂಕರ ಇನ್ನೊಂದಿಲ್ಲ ಅಂತ ರೇಗನ್ 1986ರಲ್ಲೇ ಹೇಳಿದ್ರು ಕಣೋ!

ಮಗ: ಹೌದಪ್ಪ. ಅದೇನು ಅರ್ಜಿ?

ಅಪ್ಪ: ಸುಂಕದ ಜಗಳದಲ್ಲಿ ಚೀನಾ ನಮ್ಮ ಸೋಯಾ ಕೊಳ್ಳಲಿಲ್ವಲ್ಲ, ಅದರ ಪರಿಹಾರಕ್ಕೆ.

ಮಗ: ಕೊಡೋರು?

ಅಪ್ಪ: (ಕೆಮ್ಮುತ್ತ) ವಾಷಿಂಗ್ಟನ್ನಿನವರು.

ಮಗ: ಅಂದ್ರೆ ಸಬ್ಸಿಡಿ.

ಅಪ್ಪ: ಬಾಯ್ಮುಚ್ಚು! ಪಟ್ಟಣದ ಬಡವನಿಗೆ ಕೊಟ್ರೆ ಸಬ್ಸಿಡಿ. ನನಗೆ ಕೊಟ್ರೆ ದೇಶಭಕ್ತಿ.

ಮಗ: ರೇಗನ್ ಆ ಮಾತು ಹೇಳಿದ ಪತ್ರಿಕಾಗೋಷ್ಠಿಯಲ್ಲೇ ರೈತರಿಗೆ ನೆರವನ್ನೂ ಘೋಷಿಸಿದ್ರಂತೆ.

ಅಪ್ಪ: ನೋಡ್ದಾ? ಅದಕ್ಕೇ ದೊಡ್ಡ ಮನುಷ್ಯ! ಪೆನ್ ಕೊಡು.

(2018-19ರಲ್ಲಿ ರೈತರಿಗೆ ಇಂಥ ಪರಿಹಾರವಾಗಿ ಘೋಷಣೆಯಾದದ್ದು 2,800 ಕೋಟಿ ಡಾಲರ್. 2025ರ ಡಿಸೆಂಬರ್‌ನಲ್ಲಿ ಮತ್ತೆ 1,200 ಕೋಟಿ.)