ಬೆರಳಿಗೆ ಸಾಕ್ಷಿ ಯಾರು?

(ಆರೇ ಜನರ ಪುಟ್ಟ ವರ್ಕ್‌ಶಾಪು. ಪವರ್ ಪ್ರೆಸ್ಸಿಗೆ ತೋರುಬೆರಳು ಕೊಟ್ಟವನ ಪಾಟೀಸವಾಲು ನಡೆದಿದೆ.)

ಮಾಲೀಕರ ವಕೀಲರು: ನೀನು ಅಲ್ಲಿ ಕೆಲಸಕ್ಕೇ ಇರಲಿಲ್ಲ ಅಂದರೆ ಸರಿಯೇ? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ.

ಕಾರ್ಮಿಕ: ಪುಸ್ತಕ ಅವರ ಬೀರುವಿನಲ್ಲಿತ್ತು ಸ್ವಾಮಿ, ಬೆರಳು ನನ್ನ ಕೈಯಲ್ಲಿತ್ತು.

ವಕೀಲರು: ಕೆಲಸದ ವೇಳೆ ಕುಡಿದಿದ್ದೆ.

ಕಾರ್ಮಿಕ: ಕೆಲಸಕ್ಕೇ ಇರಲಿಲ್ಲ ಅಂದ್ರಲ್ಲ?

ವಕೀಲರು: ಕೇಳಿದ್ದಕ್ಕಷ್ಟೇ ಉತ್ತರ! ಮೆಷಿನ್ನಿನ ಗಾರ್ಡ್ ಬಿಚ್ಚಿದ್ದು ನೀನೇ.

ಕಾರ್ಮಿಕ: ಪೀಸು ಕಡಿಮೆ ಬೀಳುತ್ತೆ ಅಂತ ಸೂಪರ್‌ವೈಸರು ಬಿಚ್ಚಿಸಿದ್ದು.

ವಕೀಲರು: ಕಂಡವರು? ಉಳಿದ ಐವರೂ ಆಗ ಶೌಚಾಲಯದಲ್ಲಿದ್ದರು. ಪ್ರಮಾಣಪತ್ರ ಇದೆ.

ಕಾರ್ಮಿಕ: ಇರೋದು ಒಂದೇ ಶೌಚಾಲಯ ಸ್ವಾಮಿ. ಪಾಪ, ಅವರಿಗೆ ಇನ್ನೂ ಅಲ್ಲೇ ಕೆಲಸ.

(ವಿಮೆಯವರ ವಕೀಲರು ಏಳುತ್ತಾರೆ. ಕೈಯಲ್ಲಿ 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯಿದೆ.)

ವಿಮಾ ವಕೀಲರು: ಪಟ್ಟಿ ಸ್ಪಷ್ಟವಾಗಿದೆ. ದುಡಿಯುವ ಶಕ್ತಿಯ ನಷ್ಟ ಇಡೀ ತೋರುಬೆರಳಿಗೆ ಶೇ. 14, ಎರಡು ಗೆಣ್ಣಿಗೆ 11, ಒಂದಕ್ಕೆ 9. ಹೋಗಿದ್ದೆಷ್ಟು ಅಂತ ವೈದ್ಯರೇ ಬಂದು ಹೇಳಬೇಕು.

ಕಾರ್ಮಿಕ: ಕೈಯನ್ನೇ ತಂದಿದೀನಲ್ಲ?

ವಿಮಾ ವಕೀಲರು: ಕೈಗೆ ಸಹಿಯಿಲ್ಲ, ಮೊಹರಿಲ್ಲ.

ಮಾಲೀಕರ ವಕೀಲರು: ಅದೆಲ್ಲ ಯಾಕೆ? ಆಸ್ಪತ್ರೆಯಲ್ಲೇ ಐದು ಸಾವಿರ ಪಡೆದು, ಇನ್ನೇನೂ ಕೇಳೋದಿಲ್ಲ ಅಂತ ಹೆಬ್ಬೆಟ್ಟು ಒತ್ತಿದ್ದಾನೆ!

(ಹಕ್ಕು ಬಿಟ್ಟುಕೊಡುವ ಇಂಥ ಕಾಗದ ಆ ಕಾಯಿದೆಯ 17ನೇ ಕಲಮಿನಂತೆ ಅಸಿಂಧುವಾಗಿತ್ತು. ಆದರೂ ಪ್ರತಿ ಫೈಲಿನಲ್ಲೂ ಒಂದು ಇದ್ದೇ ಇರುತ್ತಿತ್ತು.)

ಕಾರ್ಮಿಕ: ಕೆಲಸಕ್ಕೇ ಇರದವನಿಗೆ ಐದು ಸಾವಿರ ಯಾಕೆ ಕೊಟ್ಟರು ಸ್ವಾಮಿ?

ಮಾಲೀಕರ ವಕೀಲರು: ಬರೆದುಕೊಳ್ಳಿ, ಸಾಕ್ಷಿ ನಮಗೇ ಪ್ರಶ್ನೆ ಹಾಕುತ್ತಿದ್ದಾನೆ. ಮುಂದಿನ ತಾರೀಕು ಕೊಡಿ.