ಭಿವಂಡಿಯಲ್ಲಿ ಬ್ರೆಜಿಲ್ ಎಂಬ ದೇಶದ ಸ್ಥಾನನಿರ್ಣಯ: ಹತ್ತನೆಯ ಇಯತ್ತೆಯ ಆಧಾರಗಳಿಂದ ಒಂದು ಕಿರು ಮಹಾಪ್ರಬಂಧ

ಬ್ರೆಜಿಲ್ ದೇಶವು ದಕ್ಷಿಣ ಅಮೆರಿಕದಲ್ಲಿದೆ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಹುಕಾಲದಿಂದ ಬೇರೂರಿದೆ. ಪ್ರಸ್ತುತ ಪ್ರಬಂಧಕಾರನಿಗೆ ಇದು ಸಮ್ಮತವಲ್ಲ. ಠಾಣೆ ಜಿಲ್ಲೆಯ ಭಿವಂಡಿ ಪಟ್ಟಣದಲ್ಲಿ, ಧಾಮಣಕರ್ ನಾಕಾದಿಂದ ಅಂಜೂರ್ ಫಾಟಾದವರೆಗೆ ಅಲೆದು ನೋಡಿದಾಗ ಕಂಡುಬರುವುದೇ ಬೇರೆ. ಆ ದೇಶವಿರುವುದು ಹತ್ತನೆಯ ಇಯತ್ತೆಯಲ್ಲಿ, ಎಂದರೆ ಹತ್ತನೆಯ ತರಗತಿಯಲ್ಲಿ. ಜೂನ್ ತಿಂಗಳಲ್ಲಿ ಹುಟ್ಟಿ, ಮಾರ್ಚ್ ತಿಂಗಳ ಕೊನೆಯ ಪೇಪರಿನೊಂದಿಗೆ ಅದು ಮುಳುಗುತ್ತದೆ. ಇದನ್ನು ಸಾಧಿಸಿ ತೋರಿಸುವುದೇ ಇಲ್ಲಿಯ ಉದ್ದೇಶ.

ಮೊದಲಿಗೆ ಗ್ರಂಥಾಧಾರ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು 2018ರಲ್ಲಿ ಹೊರತಂದ ಹತ್ತನೆಯ ಭೂಗೋಳದ ಪುಸ್ತಕ ಭಾರತವನ್ನೂ ಬ್ರೆಜಿಲ್ಲನ್ನೂ ಅಕ್ಕಪಕ್ಕ ಕೂರಿಸಿಕೊಂಡು ಹೊರಡುತ್ತದೆ. ಸ್ಥಾನ, ವಿಸ್ತಾರ, ಹವಾಮಾನ, ಕಾಡು, ಜನಸಂಖ್ಯೆ, ವಸತಿ, ಉದ್ಯೋಗ, ಯಾವ ಪಾಠ ತೆರೆದರೂ ಇವರಿಬ್ಬರೇ. ಇತ್ತ ಗಂಗೆ ಎಂದರೆ ಅತ್ತ ಅಮೆಝಾನ್ ಎನ್ನಬೇಕು. ಗಂಡು-ಹೆಣ್ಣಿನ ಜಾತಕ ಮುಂದಿಟ್ಟುಕೊಂಡ ಪುರೋಹಿತರ ಕ್ರಮವೇ ಇದು. ಮದುವೆ ಮಾತ್ರ ಯಾರದೂ ಆಗುವುದಿಲ್ಲ. ಇದೇ ಬ್ರೆಜಿಲ್ಲನ್ನು ಭಿವಂಡಿಯ ಒಂದು ಗಲ್ಲಿಯಲ್ಲಿ ಉರ್ದುವಿನಲ್ಲಿ ಓದುತ್ತಾರೆ, ಪಕ್ಕದ ಗಲ್ಲಿಯಲ್ಲಿ ಮರಾಠಿಯಲ್ಲಿ. ಅಕ್ಕಲಕೋಟೆ, ಜತ್ತ ಸೀಮೆಯ ಮಕ್ಕಳು ಬಾಲಭಾರತಿಯ ಪಾಠವನ್ನು ಕನ್ನಡದಲ್ಲೇ ಓದುತ್ತಾರೆ. ಭಿವಂಡಿಯ ನಮ್ಮ ಹೋಟೆಲಿನವರ ಮಕ್ಕಳಾದರೋ ಹೆಚ್ಚಾಗಿ ಇಂಗ್ಲಿಷಿನಲ್ಲಿ ಓದಿ, ತುಳುವಿನಲ್ಲಿ ಬೈಸಿಕೊಂಡು, ಕನ್ನಡದಲ್ಲಿ ಸಮಾಧಾನ ಹೇಳಿಸಿಕೊಳ್ಳುವವರು. ಎಲ್ಲರ ಓದಿಗೂ ಹಿನ್ನೆಲೆಯಾಗಿ ಪವರ್‌ಲೂಮಿನ ಖಟಖಟ. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿಗಳಲ್ಲಿ ಮುಷ್ಕರ ಹೂಡಿದ ಮೇಲೆ ನೇಯ್ಗೆಯ ಕೆಲಸ ಇತ್ತ ಹರಿದು ಬಂತಲ್ಲ, ಆ ಸದ್ದೇ ಇದು. ಪುಸ್ತಕದಲ್ಲಿ ಉದ್ಯೋಗದ ಪಾಠ ಓದುವ ಹುಡುಗ ಸದ್ದು ಜಾಸ್ತಿಯಾಯಿತೆಂದು ಎದ್ದು ಕಿಟಕಿ ಹಾಕಿಕೊಳ್ಳುತ್ತಾನೆ.

ಇನ್ನು ಶಾಸನಾಧಾರ. ಇಲ್ಲಿಯ ಶಾಲೆಯೊಂದರ ಕೊನೆಯ ಸಾಲಿನ ಬೆಂಚಿನ ಮೇಲೆ ನಾಲ್ಕು ಸಾಲುಗಳ ಶಾಸನವೊಂದು ದೊರೆತಿದೆ. ಬರಹ ಕೈವಾರದ ಮುಳ್ಳಿನದು. ಮೊದಲ ಸಾಲು ‘5°15′ ಉ’, ಎರಡನೆಯದು ‘33°45′ ದ’. ಮೂರನೆಯದರಲ್ಲಿ ಹುಡುಗಿಯೊಬ್ಬಳ ಹೆಸರಿದ್ದು, ಅನಂತರದ ಅರಸರಾರೋ ಅದನ್ನು ಹೆರೆದು ಹಾಕಿದ್ದಾರೆ. ನಾಲ್ಕನೆಯದು ಒಂದು ಬಾಣದ ಗುರುತು. ಮೊದಲೆರಡು ಸಾಲುಗಳು ಬ್ರೆಜಿಲ್‌ನ ಉತ್ತರ ದಕ್ಷಿಣ ತುದಿಗಳ ಅಕ್ಷಾಂಶಗಳಾದ್ದರಿಂದ ಶಾಸನದ ಕಾಲ 2018ಕ್ಕಿಂತ ಹಿಂದೆ ಹೋಗಲಾರದು. ಮೂರನೆಯ ಸಾಲು ಅಮೆಝಾನಿನ ಉಪನದಿಯೊಂದರ ಹೆಸರೆಂದು ಕೆಲವರು ಓದಿದ್ದಾರೆ. ವಯಸ್ಸಾದವರ ಓದು ಅದು, ಬಿಟ್ಟುಬಿಡೋಣ. ಬಾಣವಂತೂ ಮುಂದಿನ ಬೆಂಚಿನ ಜಾಣನ ಉತ್ತರಪತ್ರಿಕೆಯ ಕಡೆಗೇ ನೆಟ್ಟಿದೆ. ದಿಕ್ಕುಗಳ ಜ್ಞಾನ ಈ ಜನರಲ್ಲಿ ಪಕ್ವವಾಗಿತ್ತೆನ್ನಲು ಇನ್ನೇನು ಬೇಕು?

ನಮ್ಮ ವಾದಕ್ಕೊಂದು ಪ್ರಬಲವಾದ ಪೂರ್ವಪಕ್ಷವಿದೆ. ಕಲ್ಯಾಣ್ ನಾಕಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು, ಮಗ ಬಣ್ಣ ತುಂಬುತ್ತಿದ್ದ ನಕಾಶೆಯನ್ನು ಕನ್ನಡಕದ ಮೇಲಿಂದ ನೋಡಿದ ತಂದೆಯೊಬ್ಬರು ಅದನ್ನು ಮಂಡಿಸಿದರು.

“ಈ ಬ್ರೆಜಿಲ್‌ನಲ್ಲಿ ನಮ್ಮವರ ಹೋಟೆಲ್ ಉಂಟನಾ?”

“ಗೊತ್ತಿಲ್ಲ ಪಪ್ಪಾ.”

“ಇಲ್ಲದಿದ್ರೆ ಅದನ್ನು ಓದಿ ಎಂಥ ಮಾಡ್ಲಿಕ್ಕುಂಟು?”

ಈ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಊರೆಂಬುದು ಇದೆ ಎನ್ನಲು ಅಲ್ಲೊಂದು ಉಡುಪಿ ಹೋಟೆಲಿರುವುದೇ ಪ್ರಮಾಣ ಎಂಬ ನ್ಯಾಯ ಕುಂದಾಪುರದಿಂದ ಕಾರ್ಕಳದವರೆಗೆ ಮಾನ್ಯವಾದದ್ದು. ಆದರೆ ಅದೇ ಗಲ್ಲಾದ ಮೇಲಿದ್ದ ಫೋನು ಈ ಪೂರ್ವಪಕ್ಷವನ್ನು ಮುರಿಯಿತು. ಮೂಡಿಗೆರೆ ಕಡೆ ನಾಲ್ಕೆಕರೆ ಕಾಫಿ ಇರುವ ಹುಡುಗನ ಸೋದರಮಾವನ ಕರೆ: “ಭಾವ, ಬ್ರೆಜಿಲ್‌ನಲ್ಲಿ ಹಿಮ ಬಿತ್ತಂತೆ. ಈ ಸಲ ರೇಟು ಏರ್ತದೆ ನೋಡಿ.” 1975ರ ಜುಲೈಯಲ್ಲಿ ಪರಾನಾ ಪ್ರಾಂತದ ಕಾಫಿತೋಟಗಳು ಒಂದೇ ಹಿಮಕ್ಕೆ ಸುಟ್ಟುಹೋದದ್ದೂ, 2021ರ ಜುಲೈಯಲ್ಲಿ ಮೀನಾಸ್ ಜೆರೈಸ್ ಕಡೆ ಮತ್ತೆ ಹಿಮ ಬಿದ್ದು ಬೆಲೆ ನೆಗೆದದ್ದೂ ನಡೆದ ಸಂಗತಿಗಳೇ. ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಫಿ ಬೆಳೆಯುವವರು ಅವರು. ಅಲ್ಲಿ ಚಳಿಯಾದರೆ ಇಲ್ಲಿ ಮಾವನವರು ಬೆಚ್ಚಗಾಗುತ್ತಾರೆ. ಆದ್ದರಿಂದ ಬ್ರೆಜಿಲ್ ಚಿಕ್ಕಮಗಳೂರು ಜಿಲ್ಲೆಯ ಒಂದು ಗಡಿ ತಾಲೂಕು ಎಂಬುದು ಈ ಪ್ರಬಂಧದ ಉಪಸಿದ್ಧಾಂತ. ತಂದೆ ಫೋನಿಟ್ಟು ಮಗನಿಗೆ ಹೊಸ ಬಣ್ಣದ ಪೆನ್ಸಿಲ್ ಡಬ್ಬಿ ತರಿಸಿಕೊಟ್ಟರು.

ಈಗ ಹತ್ತನೆಯ ಭೂಗೋಳದ ವೇಳೆಯ ಲೆಕ್ಕದಿಂದ ಹೊರಡುವ ಇನ್ನೊಂದು ಸಿದ್ಧಾಂತ. ಭಾರತದ ಪ್ರಮಾಣವೇಳೆ ನಿಂತಿರುವುದು 82°30′ ಪೂರ್ವ ರೇಖಾಂಶದ ಮೇಲೆ. ಅದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಭಿವಂಡಿಯಿರುವುದು 73° ದಾಟಿ ತುಸು ಆಚೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಲೆಕ್ಕ ಮಾಡಿ: ಭಿವಂಡಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು 38 ನಿಮಿಷ ಹಿಂದಿದ್ದಾನೆ. ಗೋಡೆಯ ಮೇಲೆ ಏಳು ಹೊಡೆದಾಗ ಆಕಾಶದಲ್ಲಿ ಇನ್ನೂ 6.22. ಆದ್ದರಿಂದ ಏಳರ ಶಾಲೆಗೆ 7.38ಕ್ಕೆ ಬಂದ ವಿದ್ಯಾರ್ಥಿ ತಡಮಾಡಿದವನಲ್ಲ, ಕಲಿತದ್ದನ್ನು ಆಚರಣೆಗೆ ತಂದವನು. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ವೇಳೆ ಎಂದು ಗೊತ್ತುಮಾಡಿದಾಗ ಮುಂಬಯಿ ನಗರ ಬಗ್ಗಲಿಲ್ಲ. 39 ನಿಮಿಷ ಹಿಂದಿದ್ದ ತನ್ನದೇ ಬಾಂಬೆ ಟೈಮನ್ನು 1955ರವರೆಗೂ ಕಾಪಾಡಿಕೊಂಡು ಬಂತು. ಅಷ್ಟು ವರ್ಷ ತಡವಾಗಿ ಎದ್ದ ಊರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಈ ಸಿದ್ಧಾಂತವನ್ನು ಒಬ್ಬ ಹುಡುಗ ಭೂಗೋಳದ ಟೀಚರ ಮುಂದೆ ಮಂಡಿಸಿದ್ದುಂಟು. ಅವರು ಹಾಜರಿಪುಸ್ತಕದಿಂದ ತಲೆಯೆತ್ತದೆ, “ಸರಿ, ಹಾಗಾದರೆ ಮನೆಗೂ 38 ನಿಮಿಷ ತಡವಾಗಿಯೇ ಹೋಗು” ಎಂದರು. ಈ ಖಂಡನೆಗೆ ಪರಿಹಾರ ಇನ್ನೂ ದೊರೆತಿಲ್ಲ. ಮಗ್ಗ ನಡೆಸುವವರಲ್ಲಿ ಅನೇಕರು ಪೂರ್ವ ಉತ್ತರಪ್ರದೇಶದವರು. ಪ್ರಮಾಣ ರೇಖಾಂಶದ ಸೀಮೆಯಿಂದಲೇ ಬಂದವರಾದ್ದರಿಂದ ಅವರ ಪಾಳಿ ಒಂದು ನಿಮಿಷವೂ ತಪ್ಪುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇವೆ.

ನದೀವ್ಯವಸ್ಥೆಯ ಬಗ್ಗೆ ಎರಡು ಮಾತು ಸಾಕು. ಅಮೆಝಾನ್ ಎಲ್ಲಿದೆ ಎಂಬ ಪ್ರಶ್ನೆಗೆ ಭಿವಂಡಿಯ ಹುಡುಗರು ಬೈಪಾಸಿನ ಗೋದಾಮಿನ ಕಡೆ ಕೈತೋರುವ ನಗೆಹನಿ ಹಳೆಯದಾಯಿತು. ಪರೀಕ್ಷಕರೂ ಈಗ ನಗುವುದಿಲ್ಲ. ಹೆಚ್ಚು ವಿಚಾರಾರ್ಹವಾದದ್ದು ಈ ತಾಲೂಕಿನ ಮೇಲೆ ಹಾದು ಮುಂಬಯಿ ಸೇರುವ ತಾನ್ಸಾ ಕೆರೆಯ ಕೊಳವೆ. 1892ರಲ್ಲಿ ನೀರು ಕೊಡಲು ತೊಡಗಿದ ಕೆರೆ ಅದು. ಈ ಕೊಳವೆನದಿ ಬೇಸಿಗೆಯಲ್ಲಿ ಬತ್ತುವುದಿಲ್ಲ, ಇದಕ್ಕೆ ಉಪನದಿಗಳಿಲ್ಲ. ಆದರೆ ಸೋರುವ ಕಡೆಯಲ್ಲೆಲ್ಲ ಬಿಂದಿಗೆ ಸಾಲುಗಟ್ಟಿ ಸಮೃದ್ಧವಾದ ಮುಖಜಭೂಮಿ ಉಂಟಾಗುತ್ತದೆ. ಭಿವಂಡಿಯ ಕಾಮವಾರಿ ನದಿಯನ್ನು ನಕಾಶೆಯಲ್ಲಿ ನೀಲಿ ಪೆನ್ಸಿಲಿನಿಂದ ಬರೆಯಬೇಕೋ ಕಪ್ಪಿನಿಂದಲೋ ಎಂಬುದು ಪ್ರತ್ಯೇಕ ಪ್ರಬಂಧದ ವಿಷಯ.

ಪುಸ್ತಕದ ಮೊದಲ ಪಾಠವೇ ಕ್ಷೇತ್ರಭೇಟಿ. ಪ್ರಶ್ನಾವಳಿ ಹಿಡಿದುಕೊಂಡು ಹೋಗಬೇಕು. ಭಿವಂಡಿ ತಾಲೂಕಿನ ಗಣೇಶಪುರಿ, ವಜ್ರೇಶ್ವರಿಗಳಲ್ಲಿ ಬಿಸಿನೀರಿನ ಬುಗ್ಗೆಗಳಿರುವುದರಿಂದ ಇದಕ್ಕಿಂತ ಪ್ರಶಸ್ತ ಕ್ಷೇತ್ರ ಬೇರಿಲ್ಲ. ನೀರು ಬಿಸಿ ಏಕೆ ಎಂಬ ಪ್ರಶ್ನೆಗೆ ಟೀಚರು ಭೂಗರ್ಭದ ಶಾಖ ಎಂದರು. ಕುಂಡದ ಬಳಿ ಹೂ ಮಾರುವಾಕೆ, ದೇವಿ ಕೊಂದ ರಾಕ್ಷಸರ ನೆತ್ತರು ಇನ್ನೂ ಆರಿಲ್ಲ ಎಂದಳು. ಜೊತೆಗೆ ಬಂದಿದ್ದ ಹುಡುಗನ ಅಜ್ಜಿ, ಕಾಞಂಗಾಡಿನಿಂದ ಬಂದು 1961ರಲ್ಲಿ ಇಲ್ಲೇ ಸಮಾಧಿಯಾದ ನಿತ್ಯಾನಂದ ಸ್ವಾಮಿಗಳಿಗೆ ಕೈಮುಗಿದು, “ಅವರು ಇದ್ದ ಜಾಗ ತಣ್ಣಗೆ ಇರ್ತದಾ ಮಗಾ?” ಎಂದರು. ಹುಡುಗ ಮೂರನ್ನೂ ಬರೆದ. ಟೀಚರು ಒಂದಕ್ಕೆ ಮಾತ್ರ ಅಂಕ ಕೊಟ್ಟರು. ಅಜ್ಜಿ ಇವತ್ತಿಗೂ ಅವರ ಮೇಲೆ ಮುನಿಸಿಕೊಂಡಿದ್ದಾರೆ.

ಕೊನೆಯದಾಗಿ 2020ರ ವಿಚಿತ್ರ. ಆ ವರ್ಷ ಮಾರ್ಚ್ 23ಕ್ಕೆ ಗೊತ್ತಾಗಿದ್ದ ಹತ್ತನೆಯ ಭೂಗೋಳದ ಪೇಪರು ಕೊರೊನಾದಿಂದ ಮುಂದಕ್ಕೆ ಹೋಗಿ, ಆಮೇಲೆ ರದ್ದೇ ಆಯಿತು. ಉಳಿದ ವಿಷಯಗಳ ಸರಾಸರಿ ತೆಗೆದು ಅಂಕ ಹಂಚಿದರು. ಬೀಜಗಣಿತದಲ್ಲಿ ಗೆದ್ದವನು ತಾನಾಗಿ ಬ್ರೆಜಿಲ್ಲನ್ನೂ ಗೆದ್ದ. ಅದೇ ಹೊತ್ತಿಗೆ ಭಿವಂಡಿಯ ಮಗ್ಗಗಳು ನಿಂತವು. ಕೆಲಸವಿಲ್ಲದವರು ಮುಂಬಯಿ-ಆಗ್ರಾ ರಸ್ತೆ ಹಿಡಿದು, ನಾಸಿಕದ ಕಡೆಗೆ ನಡೆಯುತ್ತ, ಊರಿನ ದಿಕ್ಕು ದೂರಗಳನ್ನು ಒಬ್ಬರಿಗೊಬ್ಬರು ಸರಿಯಾಗಿಯೇ ಹೇಳಿಕೊಂಡರು. ಅವರಿಗೆ ಸರಾಸರಿ ಅಂಕವನ್ನೂ ಯಾರೂ ಕೊಡಲಿಲ್ಲ.

ಈ ಎಲ್ಲ ಆಧಾರಗಳ ಮೇಲೆ ಪರೀಕ್ಷಾ ಮಂಡಳಿಗೆ ನಮ್ಮ ವಿನಂತಿ ಎರಡು. ನಲವತ್ತು ಅಂಕದ, ಎರಡು ಗಂಟೆಯ ಭೂಗೋಳದ ಪೇಪರಿಗೆ ಭಿವಂಡಿ ಕೇಂದ್ರದಲ್ಲಿ 38 ನಿಮಿಷ ಹೆಚ್ಚಿಗೆ ಕೊಡಬೇಕು. ಬ್ರೆಜಿಲ್‌ನ ಹತ್ತನೆಯವರ ಪುಸ್ತಕದಲ್ಲಿ ಭಿವಂಡಿಯ ಮೇಲೊಂದು ಪಾಠ, ನಾಲ್ಕು ಅಂಕಕ್ಕಾದರೂ ಸರಿ, ಹಾಕಿಸಿರೆಂದು ಅಲ್ಲಿಯ ಸರ್ಕಾರಕ್ಕೆ ಕಾಗದ ಬರೆಯಬೇಕು.